ಎರಡು ಬಿಳಿಗಳ ನಡುವಿನ ಅಂತರ

ಅಂಗಡಿಗೆ ಬಣ್ಣ ಬಳಿಸಲು ಹೊರಟ ವರ್ತಕನ ಮುಂದೆ ಶೇಡ್ ಕಾರ್ಡ್ ತೆರೆದಾಗ, ಬಿಳಿಯೆಂದೇ ತೋರುವ ಹತ್ತಾರು ಛಾಯೆಗಳು ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ಎರಡನ್ನು ಅಂಕಿಗಳ ಮೂಲಕ ಹೋಲಿಸಿದರೆ ಆಯ್ಕೆಯ ನಿಜಸ್ವರೂಪ ತಿಳಿಯುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಶೆರ್ವಿನ್-ವಿಲಿಯಮ್ಸ್ ಸಂಸ್ಥೆಯು ತನ್ನ ಪ್ರತಿಯೊಂದು ಛಾಯೆಯ ಅಂಕಿಗಳನ್ನೂ ಪ್ರಕಟಿಸುವುದರಿಂದ ಅದರ ಅಲಬಾಸ್ಟರ್ (7008) ಮತ್ತು ಗ್ರೀಕ್ ವಿಲ್ಲಾ (7551) ಉದಾಹರಣೆಗೆ ಅನುಕೂಲವಾಗಿವೆ. ಅಲಬಾಸ್ಟರ್ 2016ರಲ್ಲಿ ಆ ಸಂಸ್ಥೆಯ ವರ್ಷದ ಬಣ್ಣವಾಗಿತ್ತು. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಿರುಗುವ ಪಾಲನ್ನು ಸೂಚಿಸುವ ಪ್ರತಿಫಲನ ಮೌಲ್ಯವು ಅಲಬಾಸ್ಟರಿಗೆ 82, ಗ್ರೀಕ್ ವಿಲ್ಲಾಕ್ಕೆ 84. ಕೆಂಪು, ಹಸಿರು, ನೀಲಿಗಳ ಅಂಕಿಗಳು ಮೊದಲನೆಯದಕ್ಕೆ 237, 234, 224. ಎರಡನೆಯದಕ್ಕೆ 240, 236, 226. ಎರಡರಲ್ಲಿಯೂ ನೀಲಿಯೇ ಕಡಿಮೆ. ಆದುದರಿಂದಲೇ ಇವು ಅಚ್ಚ ಬಿಳಿಯಾಗದೆ ಕೆನೆಯತ್ತ ವಾಲುತ್ತವೆ. ಎರಡು ಅಂಕಗಳ ಈ ಅಂತರದಿಂದ ವಿದ್ಯುತ್ ಬಿಲ್ಲು ಇಳಿಯುವುದೆಂದು ಎಣಿಸುವುದು ವ್ಯರ್ಥ.

ಛಾಯೆಗಿಂತ ದೀಪದ ಪ್ರಭಾವವೇ ಹೆಚ್ಚು. 3000 ಕೆಲ್ವಿನ್‌ನ ಹಳದಿ ದೀಪದಡಿ ಎರಡೂ ಕೆನೆಬಣ್ಣವಾಗುತ್ತವೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬಿನಡಿ ಆ ಹಳದಿ ತಗ್ಗುತ್ತದೆ. ಬಟ್ಟೆ ವ್ಯಾಪಾರಿಗೆ ಇದು ಸಣ್ಣ ಮಾತಲ್ಲ. ಅಚ್ಚ ಬಿಳಿ ಗೋಡೆಯ ಮುಂದೆ ಹರಡಿದ ಕೋರಾ ಬಟ್ಟೆ ಮಾಸಿದಂತೆ ತೋರುತ್ತದೆ. ಅದೇ ಥಾನು ಕೆನೆ ಗೋಡೆಯ ಮುಂದೆ ಬೆಳ್ಳಗೆ ಕಾಣುತ್ತದೆ. ಆದಕಾರಣ ಎರಡಡಿ ಚೌಕದ ಎರಡು ಹಲಗೆಗಳಿಗೆ ಎರಡೆರಡು ಕೋಟು ಬಳಿಸಿ, ಒಣಗಿದ ಮೇಲೆ ಮಾಲಿನ ಹಿಂದಿಟ್ಟು, ಹಗಲಿನಲ್ಲೊಮ್ಮೆ, ರಾತ್ರಿ ಅಂಗಡಿಯ ದೀಪದಲ್ಲೊಮ್ಮೆ ನೋಡತಕ್ಕದ್ದು. ಅಂಗೈಯಗಲದ ಕಾರ್ಡನ್ನು ನಂಬಿ ನೂರಾರು ಚದರಡಿಗೆ ಬಣ್ಣ ಕೊಳ್ಳುವುದು ಸಲ್ಲದು.

ನಷ್ಟ ಹುಟ್ಟುವುದು ಹೆಚ್ಚಾಗಿ ಎರಡೂ ಒಂದೇ ಗೋಡೆಯಲ್ಲಿ ಸೇರಿದಾಗ. ಬೇರೆಬೇರೆಯಾಗಿ ನಿರ್ಮಲವೆನಿಸುವ ಛಾಯೆಗಳು ಪಕ್ಕಪಕ್ಕದಲ್ಲಿ ನಿಂತರೆ, ಮಬ್ಬಾದುದು ಕೊಳೆಯಂತೆ ಕಾಣುತ್ತದೆ. ಒಂದೇ ಸಂಖ್ಯೆಯ ಬಣ್ಣವೂ ಬೇರೆ ಬೇರೆ ಸಲ ಬೆರೆಸಿದಾಗ ತುಸು ವ್ಯತ್ಯಾಸವಾಗಬಹುದು. ಆದ್ದರಿಂದ ಒಂದು ಗೋಡೆಗೆ ಬೇಕಾದ ಬಕೆಟ್ಟುಗಳನ್ನು ದೊಡ್ಡ ಪಾತ್ರೆಯಲ್ಲಿ ಒಟ್ಟುಗೂಡಿಸಿ ಬಳಿಸುವುದು ಲೇಸು. ಛಾಯೆಯ ಸಂಖ್ಯೆಯನ್ನೂ ಬ್ಯಾಚ್ ಸಂಖ್ಯೆಯನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ತೇಪೆ ಎದ್ದು ಕಂಡರೆ ಮೂಲೆಯಿಂದ ಮೂಲೆಗೆ ಮತ್ತೆ ಬಳಿಸದೆ ಗತಿಯಿಲ್ಲ; ಆಗ ಬಣ್ಣದ ಬೆಲೆಯ ಜೊತೆಗೆ ಕೂಲಿಯನ್ನೂ, ಬಾಗಿಲು ಮುಚ್ಚಿದ ದಿನಗಳ ವ್ಯಾಪಾರವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಬಣ್ಣದ ಮೇಲಿನ ಜಿಎಸ್‌ಟಿ 2018ರ ಜುಲೈ 27ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆಯುಳ್ಳ ವ್ಯಾಪಾರದ ಹಳೆಯ ಅಂಗಡಿಗೆ ಮರುಬಣ್ಣ ಬಳಿಸಿ, ಅದನ್ನು ದುರಸ್ತಿ ವೆಚ್ಚವೆಂದು ಬರೆದರೆ ಸಾಮಾನ್ಯವಾಗಿ ಈ ತೆರಿಗೆಯ ಹೂಡುವಳಿ ಜಮೆ ದೊರೆಯುತ್ತದೆ. ವೆಚ್ಚವನ್ನು ಕಟ್ಟಡದ ಬೆಲೆಗೆ ಸೇರಿಸಿದರೆ ಕಾಯಿದೆಯ 17(5)ನೇ ಕಲಮಿನನ್ವಯ ದೊರೆಯುವುದಿಲ್ಲ.