ಮನೆಯಂಗಳದ ಸೊಪ್ಪು, ಮನೆಮಂದಿಗೆ ಶಕ್ತಿ

"ರಕ್ತ ಕಡಿಮೆ ಇದೆ, ದಿನಾಲೂ ಸೊಪ್ಪು ತಿನ್ನಿ" ಎಂದು ವೈದ್ಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಆದರೆ ಮನೆಗೆ ಹೋದ ಮೇಲೆ ದಿನಾಲೂ ಸೊಪ್ಪು ಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಸಂತೆ ವಾರಕ್ಕೊಮ್ಮೆ. ತಂದ ಸೊಪ್ಪು ಎರಡೇ ದಿನಕ್ಕೆ ಬಾಡುತ್ತದೆ. ಆದ್ದರಿಂದ ಒಂದಿಷ್ಟು ಸೊಪ್ಪನ್ನು ಮನೆಯಲ್ಲೇ ಬೆಳೆದುಕೊಳ್ಳುವುದು ಒಳ್ಳೆಯದು.

ರಕ್ತಹೀನತೆ ಎಂದರೇನು?

100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಗಂಡಸರಲ್ಲಿ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸುಸ್ತು, ತಲೆಸುತ್ತು, ನಡೆದರೆ ಏದುಸಿರು ಇದರ ಲಕ್ಷಣಗಳು. ಆಹಾರದಲ್ಲಿ ಕಬ್ಬಿಣಾಂಶದ ಕೊರತೆ ಇದರ ಒಂದು ಮುಖ್ಯ ಕಾರಣ.

ಮೆಂತ್ಯ ಬೆಳೆಯುವ ವಿಧಾನ

ಬೀಜ ಕೊಳ್ಳಬೇಕಾಗಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯವೇ ಸಾಕು. ಅದನ್ನು ರಾತ್ರಿ ನೆನೆಹಾಕಿ. ಒಡೆದ ಬಕೆಟ್ ಅಥವಾ ಹಳೆಯ ಬುಟ್ಟಿಯ ತಳಕ್ಕೆ ತೂತು ಮಾಡಿ, ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ತುಂಬಿ. ಬಣ್ಣ, ಕೀಟನಾಶಕ ತುಂಬಿದ್ದ ಡಬ್ಬಿಗಳನ್ನು ಬಳಸಬೇಡಿ. ಕಾಳುಗಳನ್ನು ಒತ್ತಾಗಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವಲ್ಲಿ ಇಡಿ. ಅಕ್ಕಿ, ಬೇಳೆ ತೊಳೆದ ನೀರನ್ನೂ ಹಾಕಬಹುದು. ಸುಮಾರು 25-30 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ವಾರಕ್ಕೊಂದು ಬುಟ್ಟಿಯಂತೆ ಬಿತ್ತುತ್ತ ಹೋದರೆ ಸೊಪ್ಪಿಗೆ ಬರ ಬರುವುದಿಲ್ಲ. ಹರಿವೆ, ರಾಜಗಿರಿಯನ್ನೂ ಹೀಗೆಯೇ ಬೆಳೆಯಬಹುದು. ಅವುಗಳ ಬೀಜವನ್ನು ನೆನೆಸುವುದು ಬೇಡ.

ಹಿತ್ತಲಲ್ಲಿ ಸ್ವಲ್ಪ ಜಾಗವಿದ್ದರೆ ಮಳೆಗಾಲದ ಆರಂಭದಲ್ಲಿ ನುಗ್ಗೆಯ ಒಂದು ಬಲಿತ ಕೊಂಬೆಯನ್ನು ನೆಡಿ. ಒಮ್ಮೆ ಬೇರೂರಿದರೆ ಅದು ವರ್ಷಗಟ್ಟಲೆ ಸೊಪ್ಪು ಕೊಡುತ್ತದೆ.

ತಿನ್ನುವ ಕ್ರಮ

ಸೊಪ್ಪನ್ನು ಮೊದಲು ತೊಳೆದು, ಆಮೇಲೆ ಹೆಚ್ಚಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಸ್ವಲ್ಪವೇ. ಊಟದ ಹೊತ್ತಿಗೆ ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ನೆನಪಿಡಿ

1. ಸೊಪ್ಪು ಆಹಾರ, ಔಷಧಿಯಲ್ಲ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸಬೇಡಿ.

2. ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಸೊಪ್ಪು ತಿನ್ನಬಹುದೆಂದು ವೈದ್ಯರನ್ನು ಕೇಳಿ.

3. ಮಣ್ಣಿನ ಕೆಲಸಕ್ಕೆ ಬರಿಗಾಲಲ್ಲಿ ಹೋಗಬೇಡಿ. ಕೊಕ್ಕೆಹುಳು ಅಂಗಾಲಿನ ಮೂಲಕ ದೇಹ ಸೇರಿ ರಕ್ತ ಹೀರುತ್ತದೆ. ಸಕ್ಕರೆ ಕಾಯಿಲೆಯವರು ಕಾಲಿಗೆ ಗಾಯವಾಗದಂತೆ ಇನ್ನಷ್ಟು ಜಾಗ್ರತೆ ವಹಿಸಬೇಕು. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಿರಿ.

4. ಕುಂಡಗಳ ಕೆಳಗೆ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ.

ರೋಗಿಗೆ ವಿಶ್ರಾಂತಿ ಬೇಕಿದ್ದರೆ ಈ ಕೆಲಸವನ್ನು ಮನೆಯವರು ವಹಿಸಿಕೊಳ್ಳಲಿ. ಮನೆಯಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ತಾಯಿ. ಪಾತ್ರೆಯಲ್ಲಿ ಆಗ ಪಲ್ಯ ಉಳಿದಿರುವುದಿಲ್ಲ. ಅವಳ ಪಾಲನ್ನು ಮೊದಲೇ ತೆಗೆದಿಡಿ. ಶರಣರು ಸಾರಿದ ಕಾಯಕ, ದಾಸೋಹಗಳು ನಮ್ಮ ಮನೆಯಂಗಳದಿಂದಲೇ ಆರಂಭವಾಗಲಿ. ಬೆಳೆಯುವುದು ಕಾಯಕವಾಗಲಿ, ಹೆಚ್ಚಾದುದನ್ನು ನೆರೆಮನೆಯ ಬಾಣಂತಿಗೋ ವೃದ್ಧರಿಗೋ ಕೊಡುವುದು ದಾಸೋಹವಾಗಲಿ.