ಹಳೆಯ ರಂದಾ ಯಂತ್ರಕ್ಕೆ ಬೆಲೆ ಕಟ್ಟುವದು ಹೇಗೆ?

ನಮ್ಮ ವಾಚನಾಲಯಕ್ಕೆ ದಿನಾಲು ಸಂಜೆ ಬರುತ್ತಿದ್ದ ಬಡಿಗ ಬಂಧುವೊಬ್ಬರು ತೀರಿಕೊಂಡರು. ಅವರ ಶೆಡ್ಡಿನಲ್ಲಿ ಒಂದು ರಂದಾ ಯಂತ್ರ ಉಳಿಯಿತು. (ರಂದಾ ಎಂದರೆ ನಮ್ಮ ಕಡೆಯ ಹತ್ತರಿ. ಪುಣೆಯಲ್ಲಿ ಇದ್ದು ಇದ್ದು ನಮ್ಮ ಬಾಯಲ್ಲಿಯೂ ರಂದಾ ಎಂದೇ ಬರುತ್ತದೆ.) ಶೆಡ್ಡಿನ ಬಾಡಿಗೆ ಏರುತ್ತಲಿತ್ತು, ಮಗಳ ಕಾಲೇಜಿನ ಫೀ ತುಂಬುವದಿತ್ತು. ಒಂದು ರವಿವಾರ ಅವರ ಮನೆಯವರು ಬಂದು, “ಅಣ್ಣಾ, ಭಂಗಾರದವ ಹದಿನಾಲ್ಕು ಸಾವಿರ ಕೊಡ್ತೀನಿ ಅಂತಾನ. ಕೊಟ್ಟು ಬಿಡ್ಲೇನು?” ಎಂದು ಕೇಳಿದರು. ಇದು ನಮ್ಮ ಬಂಗಾರವಲ್ಲ. ಮರಾಠಿಯ ಭಂಗಾರ, ಎಂದರೆ ಗುಜರಿ.

ನಾವು ಕಟ್ಟಿಗೆ ಮಿಲ್ಲಿನಲ್ಲಿ ಕಾರಕೂನಿಕೆ ಮಾಡುವವರು. ಆದುದರಿಂದ ಕೂಡಲೇ ಪೆನ್ನು ತೆಗೆದು ತಪ್ಪು ಮಾಡಿದೆವು. 12 ವರ್ಷಗಳ ಹಿಂದಿನ ಪಾವತಿಯಲ್ಲಿ ಕೊಂಡ ಬೆಲೆ 48,000 ರೂಪಾಯಿ ಎಂದಿತ್ತು. ಆದಾಯ ತೆರಿಗೆಯ ಲೆಕ್ಕದಂತೆ, ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಶೇ. 15ರಂತೆ ಸವಕಳಿ ಕಳೆಯುತ್ತ ಹೋದರೆ 12 ವರ್ಷಕ್ಕೆ ಉಳಿಯುವದು 6,828 ರೂಪಾಯಿ. “ಹದಿನಾಲ್ಕು ಸಾವಿರ ಬಂದರೆ ಲಾಭವೇ” ಎಂದು ಹೇಳಿಬಿಟ್ಟೆವು. ರಾತ್ರಿ ಮಲಗಿದಾಗ ಹೊಳೆಯಿತು: ಬರಿಯ ಕಬ್ಬಿಣದ ತೂಕಕ್ಕೇ ಅದಕ್ಕಿಂತ ಹೆಚ್ಚು ಬರುವಾಗ ನಮ್ಮ ಲೆಕ್ಕ ಎಲ್ಲಿಯದು? ದಫ್ತರದ ಸವಕಳಿ ಸರಕಾರಕ್ಕೆ ತೆರಿಗೆ ಕೊಡುವ ಸಲುವಾಗಿ ಇದ್ದದ್ದು. ಎರಕದ ಕಬ್ಬಿಣದ ಮೇಜಿಗೆ ಅದು ಗೊತ್ತಿಲ್ಲ. ಚೆನ್ನಾಗಿ ಇಟ್ಟುಕೊಂಡರೆ ಅದು ಎರಡು ತಲೆಮಾರು ಬಾಳುತ್ತದೆ. ಮರುದಿನ ಬೆಳಿಗ್ಗೆ ಹೋಗಿ ಅಕ್ಕನವರಿಗೆ ತಡೆಯಿರಿ ಎಂದೆವು. ಪುಣ್ಯಕ್ಕೆ ಭಂಗಾರದವನ ಗಾಡಿ ಇನ್ನೂ ಬಂದಿರಲಿಲ್ಲ.

ಹಾಗಾದರೆ ಯೋಗ್ಯ ಬೆಲೆ ಯಾವದು? ತೂಕದ ಬೆಲೆ ನೆಲಗಟ್ಟು. ಅದಕ್ಕಿಂತ ಕೆಳಗೆ ಯಾರೂ ಇಳಿಯಬೇಕಾಗಿಲ್ಲ. ಅಂಥದೇ ಹೊಸ ಯಂತ್ರ ಜಿ.ಎಸ್.ಟಿ. ಸಹಿತ ಮನೆಗೆ ಬಂದು ಬೀಳುವ ಬೆಲೆ ಮಾಳಿಗೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರವೇ ಹೇಳಬೇಕು. ಮೊಬೈಲಿನ ಜಾಹೀರಾತುಗಳಲ್ಲಿ ಕಾಣುವದು ಕೇಳುವ ಬೆಲೆ, ಮಾರಿದ ಬೆಲೆಯಲ್ಲ. ಆದ್ದರಿಂದ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಮೂರು ಕಡೆ ನಿಂತು, “ನಿಜವಾಗಿ ಎಷ್ಟಕ್ಕೆ ಹೋಯಿತು?” ಎಂದು ವಿಚಾರಿಸಿದೆವು. ಇದೇ ಅಳತೆಯ, ನಡೆಯುವ ಸ್ಥಿತಿಯ ಯಂತ್ರಗಳು 35ರಿಂದ 45 ಸಾವಿರದ ವರೆಗೆ ಹೋಗಿದ್ದವು. ನಡುವಿನ 40 ಸಾವಿರ ಹಿಡಿದೆವು.

ಇನ್ನು ಯಂತ್ರದ ಪರೀಕ್ಷೆ. ಮೊದಲು ಕರೆಂಟು ತೆಗೆದು, ಬೆಲ್ಟು ಬಿಚ್ಚಿ, ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಅಲುಗಿದರೆ ಬೇರಿಂಗ್ ಹೋಗಿದೆ. ಇದಕ್ಕೆ ಹೆದರಬೇಕಾಗಿಲ್ಲ, ಬೇರಿಂಗಿನ ಮೇಲಿನ ಅಂಕೆಯನ್ನು ಓದಿರಿ. 6205 ಎಂದಿದ್ದರೆ ಕೊನೆಯ 05ನ್ನು 5ರಿಂದ ಗುಣಿಸಿರಿ, ಒಳರಂಧ್ರ 25 ಮಿ.ಮೀ. ಎಂದು ಬರುತ್ತದೆ. ಇಂಥ ಸಾಮಾನ್ಯ ಅಂಕೆಯದು ಯಾವ ಪೇಟೆಯಲ್ಲಿಯೂ ಸಿಗುತ್ತದೆ. ಮೇಜಿನ ಮೇಲೆ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ, ಕರ್ಣಕ್ಕೂ ಇಟ್ಟು ಅಡಿಯಲ್ಲಿ ತೆಳು ಕಾಗದ ತೂರಿಸಿ ನೋಡಬೇಕು. ಕಾಗದ ಸಲೀಸಾಗಿ ಓಡಿದಲ್ಲಿ ಮೇಜು ತಗ್ಗಾಗಿದೆ. ಎರಕದಲ್ಲಿ ಬಿರುಕು ಇಲ್ಲವೆ ಬೆಸುಗೆಯ ಗೆರೆ ಕಂಡರೆ ಮಾತ್ರ ತೂಕದ ಬೆಲೆಯೇ ಸರಿ. ಬೇರಿಂಗು, ಬೆಲ್ಟು ಬದಲಿಸಬಹುದು, ಒಡೆದ ಮೈ ಬದಲಿಸಲಾಗದು.

ಮೋಟಾರನ್ನು ವಾಯರಮನ್ನನ ಮೆಗ್ಗರಿನಿಂದ ನೋಡಿಸಿರಿ. ಸುತ್ತಿಗೂ ಮೈಗೂ ನಡುವೆ ಒಂದು ಮೆಗಾ ಓಮಿಗಿಂತ ಕಡಿಮೆ ತೋರಿದರೆ ವೈಂಡಿಂಗಿನ ಖರ್ಚು ಕಳೆಯತಕ್ಕದ್ದು. ತ್ರೀ ಫೇಜ್ ಮೋಟಾರಿದ್ದರೆ ಕೊಳ್ಳುವವನ ಶೆಡ್ಡಿನಲ್ಲಿ ಆ ಕನೆಕ್ಷನ್ ಇದೆಯೋ ಎಂದು ಮೊದಲೇ ಕೇಳಬೇಕು.

ಪುಣೆಯಲ್ಲಿ ಇನ್ನೊಂದು ಮಾತು. ಹಳೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದಿದ್ದರೆ ಸಂಶಯವಿರಲಿ. 12 ಜುಲೈ 1961ರಂದು ಪಾನಶೇತ ಒಡೆದಾಗ ಊರೇ ನೀರಿನಲ್ಲಿ ನಿಂತಿತ್ತು. 2019ರ ಸಪ್ಟೆಂಬರ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿತು. ನೀರಿನಲ್ಲಿ ಮುಳುಗಿದ ಯಂತ್ರದ ಮೇಲ್ಮೈ ತೊಳೆಯಬಹುದು. ಮೇಜಿನ ಅಡಿಯ ಮೂಲೆಯಲ್ಲಿ, ಹೆಸರಿನ ತಗಡಿನ ಹಿಂದೆ ರಾಡಿ ಉಳಿದೇ ಇರುತ್ತದೆ. ಬೆರಳು ಹಾಕಿ ನೋಡಿರಿ.

ಅಕ್ಕನವರ ಯಂತ್ರದಲ್ಲಿ ಮೈ, ಮೇಜು, ಮೋಟಾರು ನೆಟ್ಟಗಿದ್ದವು. ಬೇರಿಂಗು, ಬೆಲ್ಟಿಗೆ 2,500. ಹೊಸ ಅಲಗುಗಳಿಗೆ 2,000. ಸಾಗಾಣಿಕೆ, ಹಮಾಲಿಗೆ 3,000. ಅಲಗಿನ ಮೇಲಿನ ಕವಚ ಎಂದೋ ಕಳೆದುಹೋಗಿತ್ತು, ಅದಕ್ಕೆ 1,500. ಕವಚವಿಲ್ಲದೆ ಕೆಲಸ ಬೇಗ ಸಾಗುತ್ತದೆ ಎನ್ನುವವರುಂಟು. ತಿರುಗುವ ಭಾಗಗಳಿಗೆ ಆವರಣ ಬೇಕೆಂದು 1948ರ ಕಾರಖಾನೆ ಕಾಯದೆ ಹೇಳಿದ್ದು ಸುಮ್ಮನೆ ಅಲ್ಲ, ನಮ್ಮ ಮಿಲ್ಲಿನ ಹಾಜರಿ ಪಟ್ಟಿಯಲ್ಲಿ ಎಡಗೈಯಿಂದ ಸಹಿ ಮಾಡುವವರು ಇಬ್ಬರಿದ್ದಾರೆ. ಒಟ್ಟು 9,000 ಕಳೆದು 31,000 ಉಳಿಯಿತು.

ಕೊಳ್ಳಲು ಬಂದ ತರುಣನೂ ನಮ್ಮ ವಾಚನಾಲಯದವನೇ, ವಿಜಯಪುರದ ಕಡೆಯವನು. ಇಲ್ಲಿಯೇ ನಮ್ಮ ಪೇಚು. ಅಕ್ಕನವರ ಮನಸ್ಸಿನಲ್ಲಿ 35 ಇತ್ತು, ಅವನ ಕೈಯಲ್ಲಿ 25 ಇತ್ತು. ಒಬ್ಬರ ಪರವಾಗಿ ಮಾತಾಡಿದರೆ ಇನ್ನೊಬ್ಬರಿಗೆ ಅನ್ಯಾಯ. ಆದ್ದರಿಂದ ನಾವು ಬೆಲೆ ಹೇಳಲಿಲ್ಲ. ಲೆಕ್ಕದ ಹಾಳೆಯನ್ನು ಇಬ್ಬರ ಮುಂದೆ ಇಟ್ಟು ಒಂದೊಂದೇ ಕಲಮು ಓದಿದೆವು. ಅವನು ಅಲಗಿನ ಖರ್ಚು ಇನ್ನೂ ಹೆಚ್ಚೆಂದು ಪೇಟೆಯ ದರ ತೋರಿಸಿದ. ಅದು ನಿಜವಿತ್ತು, ತಿದ್ದಿದೆವು. ಕೊನೆಗೆ ಅಕ್ಕನವರೇ, “ಮೂವತ್ತು ಕೊಡಪಾ ತಮ್ಮಾ. ಅವರು ಇದರ ಮ್ಯಾಲೆ ಧೂಳ ಕೂಡಗೊಡತಿದ್ದಿಲ್ಲ, ನೀನೂ ಹಂಗ ಇಟ್ಕೊ” ಎಂದರು. 20,000 ರೋಖ, ಉಳಿದದ್ದು ತಿಂಗಳಿಗೆ 2,000ದಂತೆ ಐದು ಕಂತು. ಮೋಟಾರಿನ ಅಂಕೆ, ಕಂತಿನ ತಾರೀಖು, ಸಾಗಾಣಿಕೆ ಯಾರದೆಂಬುದು, ಎಲ್ಲವನ್ನೂ ಎರಡು ಪ್ರತಿ ಬರೆದು ಸಹಿ ಮಾಡಿಸಿದೆವು.

ಆ ಹಾಳೆಯ ನಕಲನ್ನೂ ಎರಡು ಅಡಿಯ ಉಕ್ಕಿನ ಪಟ್ಟಿಯನ್ನೂ ವಾಚನಾಲಯದ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದವರು ರಜಿಸ್ಟರಿನಲ್ಲಿ ಸಹಿ ಮಾಡಿ ಪಟ್ಟಿಯನ್ನು ಒಯ್ಯಬಹುದು. ಎಂಟು ದಿನಗಳೊಳಗೆ ಮರಳಿ ತಂದಿಡಬೇಕು.