ಆಡಳಿತ ಮಂಡಳಿಯಲ್ಲಿ ಮಹಿಳೆ: ಕಾನೂನು, ಸಂಸ್ಕೃತಿ

ಉದ್ಯಮಿ ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದರೂ, ಹೆಣ್ಣೆಂಬ ಕಾರಣಕ್ಕೆ ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂ. ಬಂಡವಾಳದಿಂದ ಜೈವಿಕ ತಂತ್ರಜ್ಞಾನ ಕಂಪನಿ ಬಯೋಕಾನ್ ಆರಂಭಿಸಿದಾಗ ಬ್ಯಾಂಕುಗಳೂ ಸಾಲಕ್ಕೆ ಹಿಂಜರಿದವು. ಅರ್ಹತೆಯಿದ್ದೂ ಬಾಗಿಲು ತೆರೆಯದ ಈ ಮನೋಭಾವವೇ ನಿಜವಾದ ತೊಡಕು.

ಇಂಥ ತೊಡಕನ್ನು ಕಾನೂನಿನಿಂದ ನಿವಾರಿಸುವ ಯತ್ನಗಳೂ ನಡೆದಿವೆ. ನಾರ್ವೆ 2003ರಲ್ಲೇ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಮಹಿಳೆಯರಿಗೆ ಶೇ 40ರ ಕೋಟಾಕ್ಕೆ ಕಾನೂನು ತಂದಿತು. ಭಾರತದಲ್ಲಿ ಕಂಪನಿ ಕಾಯ್ದೆ 2013ರ ಸೆಕ್ಷನ್ 149(1) ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕರು ಕಡ್ಡಾಯ. 100 ಕೋಟಿ ರೂ. ಪಾವತಿತ ಬಂಡವಾಳ ಅಥವಾ 300 ಕೋಟಿ ರೂ. ವಹಿವಾಟಿನ ಇತರ ಪಬ್ಲಿಕ್ ಕಂಪನಿಗಳಿಗೂ ಇದು ಅನ್ವಯ. ಹಲವೆಡೆ ಆ ಕುರ್ಚಿಗೆ ಮಾಲೀಕರ ಮನೆಯವರೇ ಬಂದರು. ಆದರೆ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಲ್ಲಿ ಈ ಮಹಿಳಾ ನಿರ್ದೇಶಕರು 'ಸ್ವತಂತ್ರ' ನಿರ್ದೇಶಕರಾಗಿರಬೇಕು ಎಂಬ ಷರತ್ತಿದೆ: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್ 1, ಮೊದಲ 1000ಕ್ಕೆ 2020ರ ಏಪ್ರಿಲ್ 1 ಗಡುವಾಗಿತ್ತು.